ಮಿಡಿ ಸೌತೆ ಕಂಪನಿಯಲ್ಲಿ ಫೀಲ್ಡ್ ಆಫೀಸರ್ ಕೆಲಸ ಸಿಕ್ಕಿದೆ, ಸೇರಬಹುದಾ? ಒಳಗಿದ್ದವರು ಹೇಳಿ

ಹೊಲದ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ರಾಣೆಬೆನ್ನೂರು ತಾಲೂಕು. ಬಿಎಸ್ಸಿ ಅಗ್ರಿ ಮುಗಿಸಿ ಎಂಟು ತಿಂಗಳಾಯಿತು. ಹೋದ ವಾರ ಮಿಡಿ ಸೌತೆ, ಅಂದರೆ ಗರ್ಕಿನ್, ಉಪ್ಪಿನಕಾಯಿ ಮಾಡಿ ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಿಂದ ಫೀಲ್ಡ್ ಆಫೀಸರ್ ಕೆಲಸಕ್ಕೆ ಪತ್ರ ಬಂತು. ತಿಂಗಳಿಗೆ 19,000, ಪೆಟ್ರೋಲ್ ಬೇರೆ. ಬೈಕ್ ನನ್ನದೇ ಇರಬೇಕು. ಸುಮಾರು 50 ಎಕರೆ, 60 ಜನ ರೈತರು ನನ್ನ ಪಾಲಿಗೆ ಬರುತ್ತಾರೆ ಎಂದರು.

ಮನೆಯಲ್ಲಿ ಎರಡು ಮಾತಿದೆ. ಅಪ್ಪ ಕೆಪಿಎಸ್‌ಸಿ ಕೃಷಿ ಅಧಿಕಾರಿ ಪರೀಕ್ಷೆಗೆ ಓದು, ಇನ್ನೆರಡು ವರ್ಷ ನಾನು ನೋಡಿಕೊಳ್ಳುತ್ತೇನೆ ಅಂತಾರೆ. ಅಮ್ಮ ಬೀಜದ ಪ್ಲಾಟುಗಳಿಗೆ ಕ್ರಾಸಿಂಗ್, ಅಂದರೆ ಕೈಯಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಹೋಗುತ್ತಾಳೆ, ಅಲ್ಲಿಗೆ ಬರುವ ಕಂಪನಿ ಹುಡುಗರನ್ನು ದಿನಾ ನೋಡುತ್ತಾಳೆ. ಅವಳು ಹೇಳಿದ್ದು ಒಂದೇ ಮಾತು, "ಆ ಹುಡುಗರು ಬಿಸಿಲಲ್ಲಿ ಕರ್ರಗೆ ಆಗ್ಯಾರ, ಆದ್ರ ಕೆಲಸ ಗೊತ್ತೈತಿ ಅವರಿಗೆ."

ನನಗೆ ತಿಳಿಯಬೇಕಾಗಿರುವುದು ಇಷ್ಟೇ. ದಿನಕ್ಕೆ ನಿಜವಾಗಿ ಏನು ಕೆಲಸ ಇರುತ್ತದೆ? ಐದು ವರ್ಷ ಆದ ಮೇಲೂ ಬೈಕ್ ಮೇಲೆ ಊರೂರು ಸುತ್ತುತ್ತಲೇ ಇರುತ್ತೇನಾ, ಇಲ್ಲ ಮೇಲೆ ಹೋಗುವ ದಾರಿ ಇದೆಯಾ? ಕಾರ್ಖಾನೆ ಒಳಗಿನ ಕೆಲಸ ಕೇಳಿದ್ದರೆ ಚೆನ್ನಾಗಿರುತ್ತಿತ್ತಾ? ದಯವಿಟ್ಟು ಆ ಕೆಲಸ ಮಾಡಿದವರು ಬರೆಯಿರಿ.

ಕುಣಿಗಲ್_ರಸ್ತೆ

ತಮ್ಮಾ, ನಾನು 2009ರಲ್ಲಿ ಕೃಷಿ ಡಿಪ್ಲೊಮಾ ಮುಗಿಸಿ ಇದೇ ಬೆಳೆಯಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿ ಸೇರಿದವನು. ಆಗ ಸಂಬಳ 5,500. ಈಗ ಇನ್ನೊಂದು ಕಂಪನಿಯಲ್ಲಿ ಮೂರು ತಾಲೂಕಿನ ಅಗ್ರಿ ಮ್ಯಾನೇಜರ್ ಆಗಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ನಾನು ಸೇರುವಾಗ ಇದನ್ನೆಲ್ಲ ಹೇಳುವವರು ಯಾರೂ ಇರಲಿಲ್ಲ.

ಮೊದಲು ಬೆಳೆಯನ್ನು ಅರ್ಥ ಮಾಡಿಕೊಳ್ಳಬೇಕು, ಕಂಪನಿಯ ಎಲ್ಲರ ದಿನಚರಿಯೂ ಅದರಿಂದಲೇ ಹುಟ್ಟುತ್ತದೆ. ನಮ್ಮ ರಾಜ್ಯದಲ್ಲಿ ಈ ಬೆಳೆ ಶುರುವಾಗಿದ್ದು 1990ರ ದಶಕದ ಮೊದಲಲ್ಲಿ. ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೂ ಹೋಯಿತು. ಬೀಜ ಹಾಕಿ 30-35 ದಿನಕ್ಕೆ ಮೊದಲ ಕೊಯ್ಲು, 90 ದಿನಕ್ಕೆ ಬೆಳೆ ಮುಗಿಯಿತು. ನಡುವೆ ಕೊಯ್ಲು ದಿನಾ ಇರುತ್ತದೆ. ಇವತ್ತು ಕಿರುಬೆರಳಿನಷ್ಟಿದ್ದ ಕಾಯಿ ನಾಳೆ ಬಿಟ್ಟರೆ ಹೆಬ್ಬೆರಳಾಗುತ್ತದೆ. ಕೆಜಿಗೆ 160ಕ್ಕಿಂತ ಜಾಸ್ತಿ ಕಾಯಿ ತೂಗಿದರೆ ಅದಕ್ಕೆ ಒಳ್ಳೆ ರೇಟು. ಅದೇ ಕಾಯಿ ದಪ್ಪ ಆಗಿ ಕೆಜಿಗೆ 30-60ಕ್ಕೆ ಬಂದರೆ ರೇಟು ಪಾತಾಳಕ್ಕೆ. ಅಂದರೆ ರೈತ ಒಂದು ದಿನ ಮದುವೆಗೆ ಹೋಗಿ ಬಂದರೂ ದುಡ್ಡು ಹೋಯಿತು. ಹಾಗಾಗಿ ಯುಗಾದಿ, ದೀಪಾವಳಿ, ಭಾನುವಾರ ಯಾವುದೂ ಈ ಬೆಳೆಗೆ ಗೊತ್ತಿಲ್ಲ, ಕೊಯ್ಲಿನ ಸಮಯದಲ್ಲಿ ನಿನಗೂ ಇರುವುದಿಲ್ಲ.

ದಿನ ಹೀಗಿರುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದು ಬೈಕ್ ಹತ್ತಬೇಕು, ಜನ ಕೊಯ್ಯುವ ಹೊತ್ತಿಗೆ ನೀನು ಹೊಲದಲ್ಲಿರಬೇಕು. ಎಲೆ ತಿರುಗಿಸಿ ನೋಡಬೇಕು, ಡೌನಿ ಎಂಬ ಎಲೆ ಹಳದಿ ಮಾಡುವ ಬೂಜು ರೋಗ ಬಂದಿದೆಯಾ, ಹಣ್ಣಿನ ನೊಣ ಇದೆಯಾ, ಡ್ರಿಪ್ ಪೈಪ್ ಕಟ್ಟಿಕೊಂಡಿದೆಯಾ. ಮೋಡ ಮುಚ್ಚಿ ಎರಡು ದಿನ ಜಿಟಿಜಿಟಿ ಮಳೆ ಹಿಡಿದರೆ ಡೌನಿ ಮೂರನೇ ದಿನಕ್ಕೆ ಇಡೀ ಪ್ಲಾಟ್ ಹಳದಿ ಮಾಡುತ್ತದೆ, ಆಗ ನಿನಗೆ ಊಟದ ನೆನಪೂ ಇರುವುದಿಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಕಲೆಕ್ಷನ್ ಪಾಯಿಂಟ್. ರೈತರು ಚೀಲ ತರುತ್ತಾರೆ, ಗ್ರೇಡ್ ಮಾಡಿ ತೂಕ ಹಾಕಬೇಕು, ಪಾಸ್‌ಬುಕ್‌ಗೆ ಬರೆಯಬೇಕು, ಪ್ರತಿ ಚೀಲಕ್ಕೂ ರೈತನ ಕೋಡ್ ಇರುವ ಚೀಟಿ ಹಾಕಬೇಕು. ಲಾರಿ ಹೊರಟ ಮೇಲೆ ಹೊಸ ಪ್ಲಾಟುಗಳಿಗೆ ಹೋಗಿ ಬೀಜ, ಗೊಬ್ಬರ ಕೊಟ್ಟು ಲೆಕ್ಕ ಬರೆಯಬೇಕು. ಅದೆಲ್ಲ ಸಾಲದ ಲೆಕ್ಕದಲ್ಲಿ ಹೋಗುತ್ತದೆ, ಕಾಯಿ ದುಡ್ಡಿನಲ್ಲಿ ಕಂಪನಿ ಹಿಡಿದುಕೊಳ್ಳುತ್ತದೆ. ರಾತ್ರಿ ಒಂಬತ್ತಕ್ಕೆ ಕಾರ್ಖಾನೆಯಿಂದ ಫೋನ್, ನಿಮ್ಮ ಇಂಥ ಕೋಡ್‌ನಲ್ಲಿ ಸೊಟ್ಟ ಕಾಯಿ ಜಾಸ್ತಿ ಬಂದಿದೆ ಅಂತ. ಸೊಟ್ಟ ಆಗಲು ಮುಖ್ಯ ಕಾರಣ ಒಂದಿದೆ, ಬೆಳಿಗ್ಗೆ ಹೂವಿನ ಮೇಲೆ ಜೇನು ಓಡಾಡುವ ಹೊತ್ತಿಗೇ ಔಷಧಿ ಹೊಡೆದಿರುತ್ತಾರೆ. ಜೇನು ಬರದಿದ್ದರೆ ಕಾಯಿ ಸರಿಯಾಗಿ ತುಂಬುವುದಿಲ್ಲ. ಸಂಜೆ ಹೊಡೆಯಿರಿ ಎಂದು ಹೇಳಿ ಹೇಳಿ ನನ್ನ ಗಂಟಲು ಕೆಟ್ಟಿದೆ, ಆದರೆ ಹೇಳುವುದು ಬಿಟ್ಟಿಲ್ಲ.

ಔಷಧಿ ವಿಷಯವೇ ನಿನ್ನ ಕೆಲಸದ ಅತಿ ಕಷ್ಟದ ಭಾಗ. ಪ್ರತಿ ಔಷಧಿಗೂ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂದು ಇರುತ್ತದೆ. ಕಾಲೇಜಿನಲ್ಲಿ ಓದಿರುತ್ತೀಯ. ಈ ಬೆಳೆಯಲ್ಲಿ ದಿನಾ ಕೊಯ್ಲು, ಹಾಗಿದ್ದರೆ ಏಳು ದಿನ ಕಾಯಬೇಕಾದ ಔಷಧಿಯನ್ನು ಕೊಯ್ಲು ಶುರುವಾದ ಮೇಲೆ ಮುಟ್ಟುವ ಹಾಗೇ ಇಲ್ಲ. ಆದರೆ ಬೆಳೆ ಕಣ್ಣೆದುರು ಹಾಳಾಗುತ್ತಿರುವಾಗ ರೈತ ಪೇಟೆ ಅಂಗಡಿಗೆ ಹೋಗಿ ಏನೋ ತಂದು ಹೊಡೆದುಬಿಡುತ್ತಾನೆ. ಅವನ ತಪ್ಪು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದನ್ನು ನೀನು ಪತ್ತೆ ಮಾಡಲೇಬೇಕು. ಜಗಳ ಮಾಡಿದರೆ ಮುಂದಿನ ಸಲ ಮುಚ್ಚಿಡುತ್ತಾನೆ. ಅವನೇ ನಿನಗೆ ಫೋನ್ ಮಾಡಿ "ಸಾರ್, ಹಿಂಗ್ ಮಾಡ್ಬಿಟ್ಟೆ" ಎಂದು ಹೇಳುವ ಹಾಗೆ ನೀನು ಇರಬೇಕು. ಅಷ್ಟು ವಿಶ್ವಾಸ ಗಳಿಸಲು ನನಗೆ ಎರಡು ವರ್ಷ ಬೇಕಾಯಿತು.

ಮೇಲೆ ಹೋಗುವ ದಾರಿ ಕೇಳಿದೆಯಲ್ಲ. ಫೀಲ್ಡ್ ಆಫೀಸರ್, ಆಮೇಲೆ ಏರಿಯಾ ಇನ್‌ಚಾರ್ಜ್, ಆಮೇಲೆ ಅಗ್ರಿ ಮ್ಯಾನೇಜರ್. ಹೆಸರು ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ನನ್ನ ಅನುಭವದಲ್ಲಿ ಮೇಲೆ ಹೋದವರು ಚೆನ್ನಾಗಿ ಮಾತಾಡುವವರಲ್ಲ, ಬಿತ್ತನೆ ಲೆಕ್ಕ ಕಲಿತವರು. 50 ಎಕರೆಯನ್ನೂ ಒಂದೇ ವಾರ ಬಿತ್ತಿಸಿದರೆ ಒಂದೇ ಸಲ ಕಾಯಿ ಬಂದು ಕಾರ್ಖಾನೆ ತುಂಬಿ ಹೋಗುತ್ತದೆ, ಆಮೇಲೆ ಎರಡು ವಾರ ಖಾಲಿ. ಯಾವ ಊರಲ್ಲಿ ನೀರು ಎಷ್ಟು ದಿನ ಇದೆ, ಕೂಲಿಯವರು ಯಾವಾಗ ಸಿಗುತ್ತಾರೆ, ಜೋಳ, ಈರುಳ್ಳಿ ಕೊಯ್ಲಿಗೆ ಯಾವಾಗ ಎಳೆದುಕೊಂಡು ಹೋಗುತ್ತಾರೆ, ಇದೆಲ್ಲ ತಲೆಯಲ್ಲಿಟ್ಟುಕೊಂಡು ವಾರಕ್ಕೆ ಆರೇಳು ಎಕರೆ ಹಾಗೆ ಹಂಚಿ ಬಿತ್ತಿಸಬೇಕು. ನಮ್ಮಲ್ಲಿ ನಾಲ್ಕೇ ವರ್ಷದಲ್ಲಿ ಇನ್‌ಚಾರ್ಜ್ ಆದ ಹುಡುಗ ಒಬ್ಬನಿದ್ದಾನೆ, ಅವನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ, ಅದರಲ್ಲಿ ಪ್ರತಿ ರೈತನ ಬೋರ್‌ವೆಲ್ ಯಾವ ತಿಂಗಳು ಇಳಿಯುತ್ತದೆ ಅಂತ ಬರೆದಿದ್ದಾನೆ. ಅವನ ಪ್ರಮೋಷನ್‌ಗೆ ನಾನು ಬೇರೆ ಏನೂ ನೋಡಲಿಲ್ಲ.

ಒಂದು ಕೆಟ್ಟ ವಿಷಯವನ್ನೂ ಹೇಳಬೇಕು. ನಾನು ಮೊದಲು ಸೇರಿದ ಕಂಪನಿ, ಹೆಸರು ಬೇಡ, ಒಂದು ಬೆಳೆಗೆ ಮೂರು ತಿಂಗಳು ರೈತರಿಗೆ ದುಡ್ಡು ಕೊಡಲಿಲ್ಲ. ಆಫೀಸಿನವರು ಫೋನ್ ಎತ್ತುವುದು ಬಿಟ್ಟರು. ಊರಿಗೆ ಹೋಗುವವನು ನಾನೊಬ್ಬನೇ. ಒಂದು ದಿನ ಬೈಕ್ ಕೀ ಕಿತ್ತುಕೊಂಡು ಗುಡಿ ಕಟ್ಟೆ ಮೇಲೆ ಕೂರಿಸಿದರು, ಸಂಜೆವರೆಗೆ. ಯಾರೂ ಕೈ ಮಾಡಲಿಲ್ಲ. ಮಧ್ಯಾಹ್ನ ಒಬ್ಬ ಅಜ್ಜಿ ಮಜ್ಜಿಗೆ ತಂದುಕೊಟ್ಟು, ನಿನ್ನ ಮಾತು ನಂಬಿ ಹಾಕಿದ್ವಿ ಮಗಾ, ಕಂಪನಿ ಯಾವುದು ಅಂತ ನಮಗೇನು ಗೊತ್ತು ಎಂದರು. ಹದಿನೈದು ವರ್ಷದಲ್ಲಿ ನನಗೆ ಅಷ್ಟು ನೋವಾದ ಮಾತು ಇನ್ನೊಂದಿಲ್ಲ. ಕೊನೆಗೆ ದುಡ್ಡು ಬಂತು, ಎಲ್ಲರ ಲೆಕ್ಕ ಮುಗಿಸಿ ಆ ಕೆಲಸ ಬಿಟ್ಟೆ.

ಆದ್ದರಿಂದ ಸೇರುವ ಮೊದಲು ಆ ಕಂಪನಿಗೆ ಬೆಳೆಯುವ ನಾಲ್ಕು ರೈತರನ್ನು ಹುಡುಕಿ ಕೇಳು, ಕಾಯಿ ಕೊಟ್ಟು ಎಷ್ಟು ದಿನಕ್ಕೆ ದುಡ್ಡು ಬರುತ್ತದೆ ಅಂತ. ಎಚ್‌ಆರ್‌ನವರನ್ನು ಕೇಳಬೇಡ. ಬೆಳೆ ಇಲ್ಲದ ತಿಂಗಳಲ್ಲಿ ಪೂರ್ತಿ ಸಂಬಳ ಇದೆಯಾ, ಬೈಕ್ ಮೇಲೆ ಬಿದ್ದರೆ ವಿಮೆ ಯಾರದ್ದು, ಇದನ್ನು ಮಾತ್ರ ಅವರ ಹತ್ತಿರ ಬರವಣಿಗೆಯಲ್ಲೇ ತೆಗೆದುಕೋ.

ಹಾಸನದ_ಅಕ್ಕ

ಮೇಲಿನ ಸರ್ ಹೊಲದ ಕಡೆ ಹೇಳಿದ್ದಾರೆ. ನಾನು ಕಾರ್ಖಾನೆ ಒಳಗೆ, ಲ್ಯಾಬ್‌ನಲ್ಲಿ ಇದ್ದೇನೆ. ಬಿಎಸ್ಸಿ ಮೈಕ್ರೋಬಯಾಲಜಿ ಮಾಡಿ ಟ್ರೈನಿ ಆಗಿ ಬಂದೆ, ಈಗ ಕ್ವಾಲಿಟಿ ವಿಭಾಗದ ಉಸ್ತುವಾರಿ. ಒಳಗಿನ ಕೆಲಸ ಸುಲಭ ಅಂದುಕೊಂಡಿದ್ದರೆ ಅದು ಹಾಗಿಲ್ಲ ತಮ್ಮ.

ಕಾಯಿ ಲಾರಿ ಬರುವುದು ರಾತ್ರಿ. ಬಂದ ಕಾಯಿ ಆದಷ್ಟು ಬೇಗ ತೊಳೆದು, ಗ್ರೇಡ್ ಆಗಿ, ಡ್ರಮ್ಮಿನ ಉಪ್ಪುನೀರಿಗೋ ವಿನೆಗರ್‌ಗೋ ಇಳಿಯಬೇಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಹಾಗಾಗಿ ಸೀಸನ್‌ನಲ್ಲಿ ಕಾರ್ಖಾನೆಗೆ ರಾತ್ರಿಯೇ ಹಗಲು. ನನ್ನ ಪಾಳಿ ಶುರುವಾಗುವುದು ಹುಳಿ ಅಳೆಯುವ ಪಿಎಚ್ ಮೀಟರನ್ನು ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಿಗೆ, ಅಂದರೆ 4 ಮತ್ತು 7ರ ಬಫರ್‌ಗಳಿಗೆ ಹೊಂದಿಸುವುದರಿಂದ. ಆಮೇಲೆ ಡ್ರಮ್ಮುಗಳಿಂದ ನೀರು ತೆಗೆದು ಉಪ್ಪು ಎಷ್ಟಿದೆ, ಹುಳಿ ಎಷ್ಟಿದೆ ಅಂತ ಟೈಟ್ರೇಷನ್. ಹುಳಿ ಜಾಸ್ತಿ ಆದಷ್ಟೂ ಪಿಎಚ್ ಕೆಳಗೆ ಇಳಿಯುತ್ತದೆ, ಅದು 4.6ಕ್ಕಿಂತ ಕೆಳಗೆ ಇರಲೇಬೇಕು. ಅದಕ್ಕಿಂತ ಮೇಲಿದ್ದರೆ ಮುಚ್ಚಿದ ಬಾಟಲಿಯಲ್ಲಿ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಬಹುದು. ಎಲ್ಲೋ ಜರ್ಮನಿಯಲ್ಲಿ ಒಂದು ಮಗು ತಿನ್ನುವ ಕಾಯಿ ಅದು, ಹಾಗೆ ನೆನೆಸಿಕೊಂಡೇ ನಾನು ರಿಜಿಸ್ಟರ್‌ಗೆ ಸಹಿ ಹಾಕುತ್ತೇನೆ.

ಔಷಧಿ ಶೇಷದ, ಅಂದರೆ ಕಾಯಿಯಲ್ಲಿ ಉಳಿದುಬಿಡುವ ಔಷಧಿಯ ಬಗ್ಗೆ ಸರ್ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಬೇರೆ ಮಿತಿ ಗೊತ್ತು ಮಾಡಿರದ ಔಷಧಿಗಳಿಗೆ ಯುರೋಪಿನ ಮಿತಿ ಕೆಜಿಗೆ 0.01 ಮಿಲಿಗ್ರಾಂ. ಹತ್ತು ಕೋಟಿಯಲ್ಲಿ ಒಂದು ಭಾಗ. ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಕ್ಲೋರೊಪೈರಿಫಾಸ್‌ಗೂ 2020ರಲ್ಲಿ ಅದೇ ಮಿತಿ ಬಂತು. ಪಕ್ಕದ ಹತ್ತಿ ಹೊಲಕ್ಕೆ ಹೊಡೆದದ್ದು ಗಾಳಿಗೆ ತೂರಿ ಬಂದರೂ ಯಂತ್ರ ಹಿಡಿಯುತ್ತದೆ. ಒಮ್ಮೆ ಒಂದು ಲಾಟ್ ನಾನು ತಡೆದೆ. ಕಂಟೇನರ್ ಬಾಗಿಲಲ್ಲಿ ನಿಂತಿತ್ತು, ಪ್ರೊಡಕ್ಷನ್‌ನವರು ಎಲ್ಲರ ಎದುರು ಕೂಗಾಡಿದರು. ನನ್ನ ಕೈ ನಡುಗುತ್ತಿತ್ತು ಆದರೆ ಸಹಿ ಹಾಕಲಿಲ್ಲ. ಎರಡನೇ ಸಲದ ವರದಿಯಲ್ಲೂ ಅದೇ ಬಂತು. ಯಾವ ಪ್ಲಾಟ್ ಎಂದು ಹೇಳಿದ್ದು ಯಾರು ಗೊತ್ತಾ, ಚೀಲದ ಚೀಟಿ. ಅವತ್ತು ಆ ಫೀಲ್ಡ್ ಹುಡುಗ ಕೋಡ್ ಸರಿಯಾಗಿ ಬರೆದಿರದಿದ್ದರೆ ನೂರಾರು ಡ್ರಮ್ ಸುಮ್ನೆ ಹೋಗುತ್ತಿತ್ತು. ಅದಕ್ಕೇ ಹೇಳುತ್ತೇನೆ, ಲ್ಯಾಬ್‌ಗೆ ಬರುವ ಆಸೆ ಇದ್ದರೂ ಎರಡು ವರ್ಷ ಹೊಲದಲ್ಲಿ ಇದ್ದು ಬಾ. ಹೊಲ ನೋಡದೆ ಕ್ವಾಲಿಟಿಗೆ ಬಂದವರು ವರದಿ ಓದುತ್ತಾರೆ, ಕಾರಣ ಹೇಳುವುದಕ್ಕೆ ಆಗುವುದಿಲ್ಲ. ಆಮೇಲೆ ಓದಬೇಕು ಅನ್ನಿಸಿದರೆ ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಫುಡ್ ಟೆಕ್ನಾಲಜಿ ಎಂಎಸ್ಸಿ ಇದೆ, ಸೀಟು ಕಡಿಮೆ ಆದರೆ ಅಲ್ಲಿ ಕಲಿತವರಿಗೆ ಎಲ್ಲಾ ಕಡೆ ಬೆಲೆ ಇದೆ.

ಇನ್ನೊಂದು ಮಾತು, ನೀನು ಕೇಳದಿದ್ದರೂ. ಬೆಲ್ಟ್ ಮೇಲೆ ಕಾಯಿ ಆರಿಸುವವರು ಹೆಚ್ಚಿನವರು ಹೆಂಗಸರು. ಒಳಗೆ ಬರುವಾಗ ಬಳೆ, ಹೂವು, ಕಿವಿಯೋಲೆ ಎಲ್ಲ ತೆಗೆದಿಟ್ಟು ಬರಬೇಕು. ಹೊಸದಾಗಿ ಮದುವೆಯಾದ ಹುಡುಗಿಗೆ ಬಳೆ ತೆಗಿ ಅನ್ನುವುದು ಎಷ್ಟು ಕಷ್ಟ ಅಂತ ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಡುವುದಿಲ್ಲ. ಬೆರಳು ಕೊಯ್ದುಕೊಂಡರೆ ನೀಲಿ ಬಣ್ಣದ ಪಟ್ಟಿಯನ್ನೇ ಹಾಕುತ್ತೇವೆ, ಬಿದ್ದರೆ ಹಸಿರು ಕಾಯಿ ನಡುವೆ ಕಾಣಲಿ ಅಂತ. ಎಂಟು ಗಂಟೆ ನಿಂತೇ ಕೆಲಸ. 2019ರಲ್ಲಿ ರಾಜ್ಯ ಸರ್ಕಾರ ಕೆಲವು ಷರತ್ತು ಹಾಕಿ ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ಪಾಳಿಗೆ ಒಪ್ಪಿಗೆ ಕೊಟ್ಟ ಮೇಲೆ ಮನೆ ಬಾಗಿಲಿಗೆ ವ್ಯಾನ್ ಬೇಕು ಎಂದು ನಾವು ಕೇಳಿ ಪಡೆದೆವು. ನಮ್ಮ ಲೈನ್ ಸೂಪರ್‌ವೈಸರ್ ಅಕ್ಕ ಹತ್ತು ವರ್ಷ ಬೆಲ್ಟ್ ಮೇಲೆ ಇದ್ದವರು, ಓದಿದ್ದು ಏಳನೇ ತರಗತಿ. ಕಾಯಿ ಕೈಗೆ ತೆಗೆದುಕೊಂಡು ಒತ್ತಿ ನೋಡಿದರೆ ಒಳಗೆ ಟೊಳ್ಳಿದೆಯಾ ಅಂತ ಹೇಳುತ್ತಾರೆ, ನನ್ನ ಯಂತ್ರಕ್ಕೆ ಅದು ಆಗುವುದಿಲ್ಲ. ಇಂಥವರು ಇನ್ನೂ ಜಾಸ್ತಿ ಮೇಲೆ ಬರಬೇಕಿತ್ತು, ಬರುತ್ತಿಲ್ಲ. ಅದು ನನಗೆ ಬೇಜಾರು.

ಹರಪನಹಳ್ಳಿ_ರೈತ

ನಾನು ಆರು ವರ್ಷದಿಂದ ಅರ್ಧ ಎಕರೆ, ಒಮ್ಮೊಮ್ಮೆ ಒಂದು ಎಕರೆ ಹಾಕುತ್ತೇನೆ. ಎಕರೆಗೆ ನಾಲ್ಕು ಟನ್ ಬಂದರೆ ಸರಿ, ಅದಕ್ಕಿಂತ ಕಡಿಮೆ ಆದರೆ ಕೊಯ್ಯುವ ಕೂಲಿಗೇ ಅರ್ಧ ಹೋಗುತ್ತದೆ. ನಮ್ಮ ಮನೆಯಲ್ಲಿ ಕೊಯ್ಯುವವರು ನಾವೇ, ಹಾಗಾಗಿ ಉಳಿಯುತ್ತದೆ. ರೇಟು ಬಿತ್ತುವ ಮೊದಲೇ ಗೊತ್ತು ಅನ್ನುವುದೇ ದೊಡ್ಡ ಧೈರ್ಯ, ಈರುಳ್ಳಿಯಲ್ಲಿ ಆ ಧೈರ್ಯ ಎಲ್ಲಿದೆ ಹೇಳಿ.

ಆರು ವರ್ಷದಲ್ಲಿ ಐದು ಫೀಲ್ಡ್ ಹುಡುಗರು ಬದಲಾದರು. ಒಬ್ಬನ ಹೆಸರು ಮಾತ್ರ ನಮ್ಮ ಮನೆಯಲ್ಲಿ ಈಗಲೂ ತೆಗೆಯುತ್ತೇವೆ. ಅವನು ಮೊದಲ ದಿನ ಬಂದಾಗ ಚಪ್ಪಲಿ ಬದುವಿನ ಮೇಲೆ ಬಿಟ್ಟು ಹೊಲಕ್ಕೆ ಇಳಿದ. ಗ್ರೇಡ್ ಮಾಡುವಾಗ ನನ್ನ ಕಾಯಿ ಯಾಕೆ ಎರಡನೇ ಗ್ರೇಡಿಗೆ ಹೋಯಿತು ಅಂತ ಕೈಯಲ್ಲಿ ಹಿಡಿದು ತೋರಿಸುತ್ತಿದ್ದ. ಉಳಿದವರು ರಟ್ಟಿನ ಪೆಟ್ಟಿಗೆಗೆ ಸುರಿದು ಬರೆದುಕೊಳ್ಳುತ್ತಿದ್ದರು. ತೂಕದ ಕಾಟಾ ಎದುರು ರೈತ ನಿಂತಿರುವಾಗ ಅವನಿಗೆ ಕಾಣುವ ಹಾಗೆ ಇಡಿ, ಅಷ್ಟೇ ಕೇಳುವುದು. ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಅನ್ನಿ. ಸುಳ್ಳು ಹೇಳಿದರೆ ಊರಲ್ಲಿ ಮಾರನೇ ದಿನಕ್ಕೆ ಗೊತ್ತಾಗುತ್ತದೆ.

ಕಂಟೇನರ್_ಲೆಕ್ಕ

ಹೊಲ, ಲ್ಯಾಬ್ ಎರಡೂ ಬೇಡ ಅನ್ನುವವರಿಗೂ ಜಾಗ ಇದೆ ಅಂತ ಹೇಳಲು ಬರೆಯುತ್ತಿದ್ದೇನೆ. ನಾನು ಬಿಕಾಂ, ಕಾರ್ಖಾನೆ ಗೇಟಿನ ತೂಕದ ಗುಮಾಸ್ತನಾಗಿ ಸೇರಿದೆ. ಈಗ ಬೆಂಗಳೂರಿನ ಆಫೀಸಿನಲ್ಲಿ ಎಕ್ಸ್‌ಪೋರ್ಟ್ ಕಾಗದಪತ್ರ ನೋಡಿಕೊಳ್ಳುತ್ತೇನೆ. ಅಮೆರಿಕ, ರಷ್ಯಾ, ಫ್ರಾನ್ಸ್, ಜರ್ಮನಿ, ಸ್ಪೇನ್ ಎಲ್ಲಾ ಕಡೆ ಹೋಗುತ್ತದೆ. ಹೆಚ್ಚಿನದು ಡ್ರಮ್ಮಿನಲ್ಲಿ ಹೋಗಿ ಅಲ್ಲಿ ಬಾಟಲಿಗೆ ತುಂಬಿಸುತ್ತಾರೆ, ಬಾಟಲಿಯಲ್ಲೇ ಹೋಗುವುದೂ ಇದೆ. 2020-21ರಲ್ಲಿ ದೇಶದಿಂದ ಹೋದ ಗರ್ಕಿನ್ ಮತ್ತು ಸೌತೆ 2,23,515 ಟನ್, ಸುಮಾರು 22.3 ಕೋಟಿ ಡಾಲರ್ ಬೆಲೆಯದು. ಈ ಬೆಳೆ ಸಣ್ಣ ಪುಟ್ಟದ್ದು ಅಂತ ಯಾರೂ ತಿಳಿಯಬಾರದು.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಯುರೋಪಿಗೆ ಹೋಗುವ ಹಡಗು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಸಾಗಣೆ ದಿನ ಜಾಸ್ತಿ, ಬಾಡಿಗೆ ಜಾಸ್ತಿ. ನಾನು ಆಗ ರಾತ್ರಿ ಹನ್ನೆರಡಕ್ಕೆ ಮೇಲ್ ನೋಡುತ್ತಿದ್ದೆ. ಅಲ್ಲಿ ಹಡಗು ತಡವಾದರೆ ಖರೀದಿದಾರ ದುಡ್ಡು ತಡ ಮಾಡುತ್ತಾನೆ, ಅದು ಸುತ್ತಿ ಬಂದು ಗುಡಿ ಕಟ್ಟೆ ಮೇಲೆ ಕೂತ ಫೀಲ್ಡ್ ಹುಡುಗನ ತಲೆ ಮೇಲೆ ಬೀಳುತ್ತದೆ. ಮೇಲಿನ ಸರ್ ಬರೆದದ್ದು ಓದಿದ ಮೇಲೆ ಇವತ್ತು ಆಫೀಸಿನಲ್ಲಿ ಇದನ್ನು ಹೇಳಿದೆ, ಹಡಗು ತಡ ಆದಾಗ ಫೀಲ್ಡ್‌ನವರಿಗೆ ಅವತ್ತೇ ತಿಳಿಸಬೇಕು ಅಂತ.

ಹೊಲದ_ಹುಡುಗ

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಮೊಬೈಲ್‌ನಲ್ಲೇ ಪೂರ್ತಿ ಓದಿ ಹೇಳಿದೆ. ಗುಡಿ ಕಟ್ಟೆ ವಿಷಯ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಆ ಅಜ್ಜಿ ಹೇಳಿದ್ದು ಸರಿಯಾಗಿದೆ ಎಂದರು. ಕುಣಿಗಲ್ ಸರ್, ಒಂದೇ ಪ್ರಶ್ನೆ. ಕೆಲಸ ಮಾಡುತ್ತಾ ಕೆಪಿಎಸ್‌ಸಿಗೆ ಓದುವುದಕ್ಕೆ ಆಗುತ್ತದಾ? ನಿಜ ಹೇಳಿ.

ಕುಣಿಗಲ್_ರಸ್ತೆ

ಕೊಯ್ಲಿನ ದಿನಗಳಲ್ಲಿ ಆಗುವುದೇ ಇಲ್ಲ. ಪುಸ್ತಕ ಬಿಚ್ಚಿದರೆ ನಿದ್ದೆ ಬರುತ್ತದೆ. ಎರಡು ಬೆಳೆ ನಡುವೆ ಸಮಯ ಸಿಗುತ್ತದೆ, ಆಗ ಬೆಳಿಗ್ಗೆ ಎರಡು ಗಂಟೆ ಓದಬಹುದು. ನನ್ನ ಕೆಳಗಿದ್ದ ಒಬ್ಬಳು ಹುಡುಗಿ ಹಾಗೇ ಓದಿ ರೈತ ಸಂಪರ್ಕ ಕೇಂದ್ರಕ್ಕೆ ಹೋದಳು, ಮೂರು ವರ್ಷ ಹಿಡಿಯಿತು. ಇಬ್ಬರು ಪ್ರಯತ್ನಿಸಿ ಬಿಟ್ಟರು. ಪರೀಕ್ಷೆಯೇ ಮೊದಲು ಅನ್ನುವುದಾದರೆ ಈ ಕೆಲಸಕ್ಕೆ ಬರಬೇಡ, ಅರ್ಧ ಮನಸ್ಸಿನಲ್ಲಿ ಬಂದರೆ ರೈತರಿಗೆ ತೊಂದರೆ.

ಪತ್ರಕ್ಕೆ ಉತ್ತರ ಕೊಡಲು ಎಷ್ಟು ದಿನ ಇದೆ?

ಹೊಲದ_ಹುಡುಗ

ಹತ್ತು ದಿನ ಇದೆ ಸರ್. ಅವರ ಒಂದು ಕಲೆಕ್ಷನ್ ಪಾಯಿಂಟ್ ನಮ್ಮೂರಿಂದ 14 ಕಿಲೋಮೀಟರ್. ಈ ಭಾನುವಾರ ಹೋಗಿ ನೋಡಿ ಬರೋಣ ಎಂದು ಅಪ್ಪನೇ ಹೇಳಿದರು. ರೈತರ ಹತ್ತಿರ ದುಡ್ಡಿನ ವಿಷಯ ನಾನು ಕೇಳುತ್ತೇನೆ, ನೀನು ಸುಮ್ನೆ ನಿಂತು ನೋಡು ಅಂತಾರೆ.

ಕುಣಿಗಲ್_ರಸ್ತೆ

ಒಳ್ಳೆಯದಾಯಿತು. ಹನ್ನೊಂದಕ್ಕೆ ಮೊದಲೇ ಹೋಗಿ, ಲಾರಿ ಹೊರಟ ಮೇಲೆ ಹೋದರೆ ಯಾರೂ ಇರುವುದಿಲ್ಲ. ಅಪ್ಪನಿಗೆ ಪಾಸ್‌ಬುಕ್ ನೋಡಲು ಹೇಳು, ಕಾಯಿ ಕೊಟ್ಟ ತಾರೀಕು, ದುಡ್ಡು ಬಂದ ತಾರೀಕು ಎರಡೂ ಅದರಲ್ಲಿ ಇರಬೇಕು. ನೋಡಿ ಬಂದು ಇಲ್ಲಿ ಬರೆ.